ಅನಿತಾ ಎಲ್ಲಿ? ಮೊದಲು ಸಂಬಳದ ಲೆಕ್ಕ ನೋಡಿ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿ ಮುಗಿಸಿದವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಹಿಂದಿನ ನಾಲ್ಕು ಪುಟಗಳನ್ನು ಮತ್ತೆ ತಿರುವಿ ನೋಡುವುದು. ಏನೋ ಕಣ್ತಪ್ಪಿ ಹೋಯಿತೇ ಎಂಬ ಅನುಮಾನ. ಹೈದರಾಬಾದಿನ ತವರಿಗೆ ಹೋದ ಹೆಂಡತಿ ಅನಿತಾ ವಾಪಸು ಬರಬೇಕಾದ ಹೊತ್ತು ಮೀರಿದೆ, ಸುದ್ದಿಯಿಲ್ಲ. ಗಂಡ ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಮನೆಯವರು ಹರಟೆಯಲ್ಲಿ ಆಡಿದ ಮಾತುಗಳು ಒಂದೊಂದಾಗಿ ಬೇರೆಯೇ ಅರ್ಥ ಪಡೆದು ಅವನ ತಲೆಯೊಳಗೆ ತಿರುಗುತ್ತಿವೆ. ಕೈಗೆ ರಕ್ತ ಹತ್ತಿದೆ. ಅಲ್ಲಿಗೆ ಕಥೆ ಮುಗಿಯಿತು. ಪೊಲೀಸರು ಬರುವುದಿಲ್ಲ, ಶವ ಸಿಗುವುದಿಲ್ಲ, ಫೋನೂ ಬರುವುದಿಲ್ಲ.

(ಇನ್ನೂ ಓದದವರಿಗೆ ಕೊನೆಯನ್ನು ಬಿಟ್ಟುಕೊಟ್ಟದ್ದಕ್ಕೆ ಕ್ಷಮೆ ಇರಲಿ. ಕೊನೆ ಗೊತ್ತಿದ್ದರೂ ಕೆಡದ ಕಥೆ ಇದು. ಏಕೆಂದು ಮುಂದೆ ತಿಳಿಯುತ್ತದೆ.)

ಶಿವಮೊಗ್ಗ ಜಿಲ್ಲೆಯ ಓದುಗರಿಗೆ ಈ ಪುಸ್ತಕದ ಮೇಲೆ ಒಂದಿಷ್ಟು ಹಕ್ಕೂ ಇದೆ. ಶಿವಮೊಗ್ಗದಿಂದ ಹೊರಟ ಹೆದ್ದಾರಿ ಆಯನೂರು, ಕುಂಸಿ, ಆನಂದಪುರ ದಾಟಿ ಸಾಗರಕ್ಕೆ ಹೋಗುತ್ತದೆ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಕಟ್ಟಿದ ಅಕ್ಷರ ಪ್ರಕಾಶನವೇ 2013ರಲ್ಲಿ ‘ಘಾಚರ್ ಘೋಚರ್’ ಅನ್ನು ಹೊರತಂದದ್ದು. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದಲ್ಲಿ ಅದು ಅಮೆರಿಕ, ಇಂಗ್ಲೆಂಡಿನ ಪುಸ್ತಕದಂಗಡಿಗಳಿಗೆ ಹೋಯಿತು. ‘ಲಾಸ್ ಏಂಜಲೀಸ್ ಟೈಮ್ಸ್’ ಪುಸ್ತಕ ಬಹುಮಾನದ ಅಂತಿಮ ಪಟ್ಟಿಯನ್ನೂ ಮುಟ್ಟಿತು. ಆದರೆ ಆಯನೂರಿನಲ್ಲಿ ಬಸ್ಸಿಗೆ ಕಾಯುತ್ತ ಇದನ್ನು ಓದಿದವರ ತಕರಾರು ಲಂಡನ್ನಿನ ವಿಮರ್ಶಕರ ಮೆಚ್ಚುಗೆಯಿಂದ ಕರಗುವಂಥದ್ದಲ್ಲ. ದುಡ್ಡು ಕೊಟ್ಟು ಕೊಂಡ ಪುಸ್ತಕ, ಕೊಲೆ ಆಯಿತೋ ಇಲ್ಲವೋ ಅಷ್ಟಾದರೂ ಹೇಳಬಾರದೇ?

ಈ ತಕರಾರನ್ನು ‘ಸಾಹಿತ್ಯ ಗೊತ್ತಿಲ್ಲದವರ ಮಾತು’ ಎಂದು ತಳ್ಳಿಹಾಕುವುದು ಪಂಡಿತರ ಹಳೆಯ ಚಾಳಿ. ತಕರಾರಿನ ಹಿಂದೆ ಕನ್ನಡದ್ದೇ ಒಂದು ಓದಿನ ಪರಂಪರೆ ಇದೆ. ಶಾಲೆಯಲ್ಲಿ ನಾಲ್ಕನೇ ತರಗತಿಯಾಚೆ ಹೋಗದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಮುಂದಿಟ್ಟುಕೊಂಡು ನೂರಾರು ಕಾದಂಬರಿ ಬರೆದರು. ಬಾಡಿಗೆ ಪುಸ್ತಕದಂಗಡಿಗಳಲ್ಲಿ ಅವು ಕೈಯಿಂದ ಕೈಗೆ ಹೋಗಿ, ರಟ್ಟು ಕಿತ್ತು, ಮತ್ತೆ ಹೊಲಿಸಿಕೊಂಡು ಬಾಳಿದವು. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿ ದಳ’ ಮನೆಮಂದಿಯ ನಿದ್ದೆ ಕೆಡಿಸಿತು. ಇವೆಲ್ಲ ಓದುಗರಿಗೆ ಒಂದು ಮಾತು ಕೊಟ್ಟಿದ್ದವು: ನೀವು ಹೆದರಿ, ಕೊನೆಯಲ್ಲಿ ನಾವು ಗಂಟು ಬಿಡಿಸುತ್ತೇವೆ. ಶಾನಭಾಗರು ಹೆದರಿಸುತ್ತಾರೆ, ಗಂಟನ್ನು ಓದುಗರ ಕೈಯಲ್ಲೇ ಬಿಟ್ಟು ಎದ್ದು ಹೋಗುತ್ತಾರೆ. ಸಿಟ್ಟು ಬರುವುದು ಸಹಜ.

ಆದರೆ ಗಂಟು ಬಿಡಿಸಲು ಬೇಕಾದದ್ದೆಲ್ಲ ಪುಸ್ತಕದಲ್ಲೇ ಇದೆ ಎಂಬುದು ಈ ಬರಹದ ವಾದ. ಅದು ರಕ್ತದ ಕಲೆಯಲ್ಲಿಲ್ಲ, ತಿಂಗಳ ಸಂಬಳದಲ್ಲಿದೆ.

ಕಥೆ ಹೇಳುವವನಿಗೆ ಹೆಸರಿಲ್ಲ. ಚಿಕ್ಕಪ್ಪ ಕಟ್ಟಿದ ‘ಸೋನಾ ಮಸಾಲಾ’ ಕಂಪನಿಯಲ್ಲಿ ಅವನೊಬ್ಬ ನಿರ್ದೇಶಕ. ಕೆಲಸವಿಲ್ಲ, ಜವಾಬ್ದಾರಿಯಿಲ್ಲ, ತಿಂಗಳು ತಿಂಗಳು ಹಣ ಮಾತ್ರ ಖಾತೆಗೆ ಬಂದು ಬೀಳುತ್ತದೆ. ಮನೆಯಿಂದ ಹೊರಟು ಕಾಫಿ ಹೌಸಿಗೆ ಹೋಗಿ ಕೂರುವುದೇ ದಿನಚರಿ. ಅಪ್ಪ, ಅಮ್ಮ, ಗಂಡನ ಮನೆ ಬಿಟ್ಟು ಬಂದ ಅಕ್ಕ ಮಾಲತಿ, ಈತ, ಇಷ್ಟೂ ಮಂದಿಯ ಅನ್ನ ಒಬ್ಬನ ದುಡಿಮೆಯಿಂದ ಬರುತ್ತದೆ. ಹಾಗಾಗಿ ಇಡೀ ಮನೆ ಚಿಕ್ಕಪ್ಪನ ಸುತ್ತ ತಿರುಗುತ್ತದೆ. ಅವನ ಊಟ, ಅವನ ನಿದ್ದೆ, ಅವನ ಬೇಕು ಬೇಡ ಎಲ್ಲಕ್ಕೂ ಎಲ್ಲರೂ ಕಾವಲು. ಅವನಿಗೆ ತೊಂದರೆ ಕೊಡಬಲ್ಲ ಯಾರೇ ಆದರೂ ಮನೆಗೆ ಶತ್ರು. ಮದುವೆಯಾಗಿ ಬಂದ ಅನಿತಾಗೆ ಗಂಡನಿಗೆ ನಿಜವಾದ ಕೆಲಸವೇ ಇಲ್ಲವೆಂದು ತಿಳಿಯುವುದು ಮದುವೆಯ ಮೇಲೆ. ಆಕೆ ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಆ ಮನೆಯಲ್ಲಿ ಕೊಲೆಗೆ ಬೇಕಾದ ಕಾರಣ ಅಷ್ಟೇ.

ಪತ್ತೇದಾರಿ ಕಾದಂಬರಿಯಲ್ಲಿ ಓದುಗರು ‘ಕೊಲೆಯಿಂದ ಯಾರಿಗೆ ಲಾಭ?’ ಎಂದು ಕೇಳುತ್ತ ಹೋಗುತ್ತಾರೆ. ಒಬ್ಬನಿಗೆ ಲಾಭವಿರುತ್ತದೆ, ಉಳಿದವರ ಮೇಲಿನ ಅನುಮಾನ ಬರೀ ಮೋಸ. ಇಲ್ಲಿ ಎಲ್ಲರಿಗೂ ಲಾಭ. ಕಥೆ ಹೇಳುತ್ತಿರುವವನಿಗೂ ಲಾಭ. ಇಷ್ಟು ಹೊತ್ತು ನಾವು ನಗುನಗುತ್ತ ಕೇಳಿದ್ದು ಸಾಕ್ಷಿಯ ಮಾತನ್ನಲ್ಲ, ಆರೋಪಿಯ ಮಾತನ್ನು ಎಂದು ಗೊತ್ತಾಗುವಾಗ ಪುಟ ಮುಗಿದಿರುತ್ತದೆ.

ಭದ್ರಾವತಿಯ ಓದುಗರಿಗೆ ಇದರಲ್ಲಿ ಇನ್ನೊಂದು ಎಳೆ ತಟ್ಟನೆ ಸಿಗುತ್ತದೆ. ಸೋನಾ ಮಸಾಲಾಕ್ಕೆ ಬಂಡವಾಳ ಬಂದದ್ದು ಎಲ್ಲಿಂದ? ಬೇರೊಂದು ಕಂಪನಿಯ ಸೇಲ್ಸ್‌ಮನ್ ಆಗಿದ್ದ ಅಪ್ಪ ಅವಧಿಗೆ ಮೊದಲೇ ಕೆಲಸ ಬಿಡಬೇಕಾಗಿ ಬಂದಾಗ ಕೈಗೆ ಸಿಕ್ಕ ನಿವೃತ್ತಿ ಹಣದಿಂದ. ಮೈಸೂರು ಪೇಪರ್ ಮಿಲ್ಸ್ ಕಳೆದ ದಶಕದಲ್ಲಿ ಉತ್ಪಾದನೆ ನಿಲ್ಲಿಸಿ, ಕಾರ್ಮಿಕರು ಸ್ವಯಂ ನಿವೃತ್ತಿ ಪಡೆದು ಹೊರಬಂದದ್ದನ್ನು ನೋಡಿದ ಊರು ಭದ್ರಾವತಿ. 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆಯೂ ಏಳುತ್ತ ಬೀಳುತ್ತ ಬಂದಿದೆ. ಇಡಿಗಂಟು ಮನೆಗೆ ಬಂದ ದಿನ ಅಣ್ಣತಮ್ಮಂದಿರ ಧಾಟಿ ಹೇಗೆ ಬದಲಾಗುತ್ತದೆ, ಯಾರು ‘ನನ್ನ ಹತ್ತಿರ ಒಂದು ಐಡಿಯಾ ಇದೆ’ ಎನ್ನುತ್ತಾರೆ, ಸೊಸೆಯಂದಿರು ಯಾವ ಮಾತಿಗೆ ಕಿವಿ ನೆಟ್ಟಗೆ ಮಾಡುತ್ತಾರೆ ಎಂಬುದನ್ನು ಅಲ್ಲಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಕಾದಂಬರಿಯಲ್ಲೂ ಅಪ್ಪನ ಪಾಲು ಯಾರಿಗೆ ಹೋದೀತು, ಮುದುಕ ಉಯಿಲಿನಲ್ಲಿ ಏನು ಬರೆದುಬಿಟ್ಟಾನು ಎಂಬ ದಿಗಿಲು ಮನೆಯವರನ್ನು ಬಿಡುವುದಿಲ್ಲ. ಇಡೀ ಮನೆಯಲ್ಲಿ ಹಳೆಯ ಲೋಕದ ನಿಯತ್ತು ಉಳಿಸಿಕೊಂಡವನು ಅಪ್ಪ ಒಬ್ಬನೇ. ಅವನನ್ನು ಕಂಡರೆ ಉಳಿದವರಿಗೆ ಭಯ. ಭಯಾನಕ ಕಥೆಯೊಂದರಲ್ಲಿ ಒಳ್ಳೆಯವನನ್ನು ಕಂಡು ಹೆದರುವ ಮನೆಯೊಂದನ್ನು ಶಾನಭಾಗರು ಎಷ್ಟು ಸಲೀಸಾಗಿ ತಂದು ನಿಲ್ಲಿಸಿದ್ದಾರೆ!

‘ದುಡ್ಡು ಬಂದು ಒಳ್ಳೆಯ ಮನೆ ಕೆಟ್ಟಿತು’ ಎಂದು ಈ ಪುಸ್ತಕವನ್ನು ಹಲವರು ಓದಿದ್ದಾರೆ. ಓದಲು ಸುಲಭವಾದ ದಾರಿ ಅದು, ಆದರೆ ತಪ್ಪು ದಾರಿ. ಹಳೆಯ ಮನೆಯ ಇರುವೆಗಳ ಪ್ರಸಂಗ ನೋಡಿ. ರೈಲುಬೋಗಿಗಳಂತೆ ಒಂದರ ಹಿಂದೆ ಒಂದು ಕೋಣೆಗಳಿದ್ದ ಬಾಡಿಗೆ ಮನೆ. ಎಲ್ಲೆಲ್ಲೂ ಇರುವೆ. ಅಮ್ಮ ಅವುಗಳ ಮೇಲೆ ಸಮರವನ್ನೇ ಸಾರಿದ್ದಾಳೆ. ಮೊದಮೊದಲು ಉಪದ್ರವದಿಂದ ಪಾರಾಗಲು ಕೊಂದವರು, ಆಮೇಲೆ ಕೊಲ್ಲುವುದರಲ್ಲೇ ಒಂದು ತೃಪ್ತಿ ಕಾಣುತ್ತಾರೆ. ಬಡತನದಲ್ಲಿ ಈ ಮನೆ ಒಗ್ಗಟ್ಟಾಗಿತ್ತು ಎಂದು ನಿರೂಪಕ ಹಂಬಲದಿಂದ ನೆನೆಯುತ್ತಾನೆ, ನಾವೂ ತಲೆದೂಗುತ್ತೇವೆ. ಆ ಒಗ್ಗಟ್ಟು ಯಾವುದರ ವಿರುದ್ಧ ಇತ್ತು ಎಂಬುದನ್ನು ಮಾತ್ರ ಅವನು ಹೇಳಿಯೂ ಹೇಳದಂತೆ ದಾಟುತ್ತಾನೆ. ಹಣ ಬರುವ ಮೊದಲೇ ಆ ಕೈಗಳು ಹೊಸಕಲು ಕಲಿತಿದ್ದವು. ಹಣ ಬಂದಮೇಲೆ ಹೊಸಕುವ ಕೆಲಸಕ್ಕೆ ಕೂಲಿಯಾಳುಗಳು ಸಿಕ್ಕರು. ಮಾಲತಿ ಗಂಡನ ಮನೆಯಿಂದ ತನ್ನ ಒಡವೆ ತರಲು ಹೋಗುವಾಗ ಜೊತೆಗೆ ಬರುವವರು ನೆಂಟರಲ್ಲ, ಗೂಂಡಾಗಳು.

ಪುಸ್ತಕದ ಅತ್ಯಂತ ಭೀಕರ ಪುಟಗಳಲ್ಲಿ ರಕ್ತವಿಲ್ಲ, ಬೇಳೆಯ ಸಾರಿದೆ. ಒಬ್ಬ ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟವೆಂದು ಮಸೂರು ಬೇಳೆಯ ಪದಾರ್ಥ ಮಾಡಿ ತಂದಿದ್ದಾಳೆ. ಅಮ್ಮ ಮತ್ತು ಮಾಲತಿ ಆಕೆಯ ಮೇಲೆ ಬೀಳುತ್ತಾರೆ. ನಿರೂಪಕ ನೋಡುತ್ತ ನಿಲ್ಲುತ್ತಾನೆ. ಬೈಗುಳ ಮುಗಿದಮೇಲೆ ಎಲ್ಲರೂ ಏನೂ ಆಗದವರಂತೆ ಒಳಗೆ ಹೋಗುತ್ತಾರೆ. ಇದು ಅನ್ಯಾಯ ಎನ್ನುವವಳು ಅನಿತಾ ಒಬ್ಬಳೇ. ಪಕ್ಕದ ಮನೆಯ ಜಗಳವನ್ನು ಕಿಟಕಿಯ ಸಂದಿಯಿಂದ ನೋಡಿ ಸುಮ್ಮನಿದ್ದ ಯಾರಿಗಾದರೂ ಆ ಪುಟಗಳಲ್ಲಿ ಮೈ ಜುಮ್ಮೆನ್ನದೆ ಇರದು. ಕೊಲೆಯ ಸುಳಿವಿಗಾಗಿ ಕೊನೆಯ ಪುಟ ತಡಕುವವರು ಇಲ್ಲಿಗೆ ಹಿಂತಿರುಗಬೇಕು. ಅನಿತಾಗೆ ಮುಂದೆ ಏನಾಗಬಹುದೋ ಅದರ ತಾಲೀಮು ಇಲ್ಲೇ ಆಗಿಹೋಗಿದೆ: ಹೊರಗಿನವಳು ಬಂದಳು, ಅನ್ನದಾತನ ನೆಮ್ಮದಿಗೆ ಕುತ್ತು ಬಂತು, ಮನೆ ಒಂದಾಯಿತು, ಹೊರಗಿನವಳು ಇಲ್ಲವಾದಳು.

ನಿರೂಪಕನ ಹಳೆಯ ಗೆಳತಿ ಚಿತ್ರಾಳನ್ನೂ ಮರೆಯಬಾರದು. ಆಕೆ ನೊಂದ ಹೆಂಗಸರ ಪರ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿದ್ದಳು. ಕಾಫಿ ಹೌಸಿನ ಇದೇ ಮೇಜಿನಲ್ಲಿ ಕೂತು ಗಂಡಂದಿರ, ಅತ್ತೆಯರ ದೌರ್ಜನ್ಯದ ಪ್ರಕರಣಗಳನ್ನು ಹೇಳುತ್ತಿದ್ದಳು. ಈ ಮಹಾರಾಯ ಒಂದು ದಿನದಿಂದ ಅವಳ ಭೇಟಿಯನ್ನೇ ತಪ್ಪಿಸಿಬಿಟ್ಟ. ಕಾರಣವನ್ನೂ ಹೇಳಲಿಲ್ಲ. ಅಂದರೆ ಮನೆಯೊಳಗಿನ ಹಿಂಸೆ ಹೇಗಿರುತ್ತದೆ ಎಂದು ಗೊತ್ತಿಲ್ಲದ ಮುಗ್ಧನೇನಲ್ಲ ಅವನು. ಎಲ್ಲವನ್ನೂ ಕೇಳಿ ತಿಳಿದುಕೊಂಡೇ ಅತ್ತ ತಿರುಗಿ ಕೂತವನು.

ಮನೆಯೊಳಗಿನ ಭಯವನ್ನೇ ಬಂಡವಾಳ ಮಾಡಿಕೊಂಡ ಕಾದಂಬರಿಗಳು ಈಗ ಇಂಗ್ಲಿಷಿನಲ್ಲಿ ರಾಶಿ ಬೀಳುತ್ತಿವೆ. ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ 2012ರಲ್ಲಿ ಬಂದಮೇಲೆ ಕಾಣೆಯಾದ ಹೆಂಡತಿ, ಅನುಮಾನದ ಗಂಡ, ನಂಬಲಾಗದ ನಿರೂಪಣೆ ಒಂದು ಉದ್ಯಮವೇ ಆಯಿತು. ಆದರೆ ‘ಘಾಚರ್ ಘೋಚರ್’ ಪಕ್ಕ ಇಡಬೇಕಾದ ಪುಸ್ತಕ ಅದಲ್ಲ, 1938ರ ‘ರೆಬೆಕಾ’. ಡಾಫ್ನಿ ಡು ಮೊರಿಯೆ ಬರೆದ ಆ ಕಾದಂಬರಿಯಲ್ಲೂ ಕಥೆ ಹೇಳುವವಳಿಗೆ ಹೆಸರಿಲ್ಲ. ಶ್ರೀಮಂತನ ಎರಡನೆಯ ಹೆಂಡತಿಯಾಗಿ ದೊಡ್ಡ ಬಂಗಲೆ ಸೇರಿದ ಆಕೆಗೆ, ಮೊದಲ ಹೆಂಡತಿಯನ್ನು ಕೊಂದವನು ತನ್ನ ಗಂಡನೇ ಎಂದು ತಿಳಿದಾಗ ಆಗುವುದು ಹೇಸಿಗೆಯಲ್ಲ, ನಿರಾಳ: ಅವನಿಗೆ ಅವಳ ಮೇಲೆ ಪ್ರೀತಿಯಿರಲಿಲ್ಲವಲ್ಲ, ಸದ್ಯ! ಅಲ್ಲಿಂದ ಮುಂದೆ ಗಂಡನನ್ನು ಉಳಿಸಿಕೊಳ್ಳುವುದೇ ಅವಳ ಕೆಲಸ. ಓದುಗರೂ ಅವಳ ಜೊತೆ ಸೇರಿ, ಕೊಲೆಗಾರ ಸಿಕ್ಕಿಬೀಳದಿರಲಿ ಎಂದು ಹಾರೈಸುತ್ತಾರೆ. ಹಿಚ್‌ಕಾಕ್ 1940ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಪಾರಾಗುವುದನ್ನು ಹಾಲಿವುಡ್‌ನ ಅಂದಿನ ನಿಯಮಾವಳಿ ಒಪ್ಪಲಿಲ್ಲ. ಕೊಲೆಯನ್ನು ಆಕಸ್ಮಿಕ ಸಾವಾಗಿ ಬದಲಿಸಬೇಕಾಯಿತು. ಹೆಸರಿಲ್ಲದ ಆ ಹೆಂಡತಿಗೂ ಹೆಸರಿಲ್ಲದ ನಮ್ಮ ಗಂಡನಿಗೂ ಇರುವ ಸಂಬಂಧ ಹತ್ತಿರದ್ದು. ಇಬ್ಬರೂ ತಮ್ಮದಲ್ಲದ ಮನೆಯ ಸುಖ ಉಣ್ಣುವವರು, ಆ ಸುಖಕ್ಕೆ ಬಾಯಿ ಮುಚ್ಚಿಕೊಂಡಿರುವುದೇ ಬಾಡಿಗೆ ಎಂದು ಒಪ್ಪಿಕೊಂಡವರು.

ಅದೇ 1938ರಲ್ಲಿ ಲಂಡನ್ನಿನ ರಂಗದ ಮೇಲೆ ಬಂದದ್ದು ಪ್ಯಾಟ್ರಿಕ್ ಹ್ಯಾಮಿಲ್ಟನ್ನನ ‘ಗ್ಯಾಸ್ ಲೈಟ್’. ಗಂಡ ಒಡವೆಗಾಗಿ ಮೇಲಿನ ಅಂತಸ್ತನ್ನು ಗುಟ್ಟಾಗಿ ಹುಡುಕುತ್ತಾನೆ. ಅವನು ಮೇಲೆ ದೀಪ ಹಚ್ಚಿದಾಗ ಕೆಳಗೆ ಹೆಂಡತಿಯ ಕೋಣೆಯ ದೀಪ ಮಂಕಾಗುತ್ತದೆ. ಅವಳಿಗೆ ಮಾತ್ರ ತಲೆ ಕೆಟ್ಟಿದೆ ಎಂದು ನಂಬಿಸಲಾಗುತ್ತದೆ. ಕೊನೆಗೆ ಒಬ್ಬ ಹಳೆಯ ಪೊಲೀಸ್ ಅಧಿಕಾರಿ ಬಂದು ಅವಳನ್ನು ಬಿಡಿಸುತ್ತಾನೆ. 1944ರ ಸಿನಿಮಾದಲ್ಲಿ ಈ ಪಾತ್ರ ಮಾಡಿದ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು.

ಕನ್ನಡದ ಹೆಂಡತಿಯ ಬಾಗಿಲಿಗೆ ಅಂಥ ಅಧಿಕಾರಿ ಯಾರೂ ಬರಲಿಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನೇ ನೋಡಿ. ಎರಡನೆಯ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದಳು, ಆಸ್ಪತ್ರೆ ಸೇರಿದಳು, ಗುಣವಾಗಿ ಮನೆಗೆ ಮರಳಿದಳು. ಆಸ್ಪತ್ರೆ ಗುಣಪಡಿಸಿದ್ದನ್ನು ಮನೆ ಕೆಡಿಸಿತು. ನಕ್ಕರೆ ಅನುಮಾನ, ಅತ್ತರೆ ಅನುಮಾನ. ಕೆಲಸದವಳಿಂದ ಹಿಡಿದು ನೆರೆಹೊರೆಯವರೆಗೆ ಎಲ್ಲರ ಕಣ್ಣಲ್ಲೂ ಅವಳು ಹುಚ್ಚಿಯೇ. ಗಂಡನಿಗೆ ಆಗಲೇ ಇನ್ನೊಬ್ಬಳ ಸಹವಾಸ. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ತೆರೆಗೆ ತಂದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ಅತ್ತವರು ಇಂದಿಗೂ ಇದ್ದಾರೆ. ಅತ್ತೆವು ಎನ್ನುವುದರಿಂದಲೇ ಅದನ್ನು ‘ಕರುಣಾಜನಕ ಸಾಂಸಾರಿಕ ಚಿತ್ರ’ ಎಂಬ ಗೂಡಿಗೆ ಹಾಕಿಬಿಟ್ಟೆವು. ಕಥೆಯ ಅಸ್ಥಿಪಂಜರ ಮಾತ್ರ ಅಪ್ಪಟ ಥ್ರಿಲ್ಲರಿನದು: ಮುಚ್ಚಿದ ಮನೆ, ಒಬ್ಬ ಬಲಿ, ಹಲವು ಕೈಗಳು, ಸಾಕ್ಷ್ಯವಿಲ್ಲದ ಅಪರಾಧ. 35 ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡ ತ್ರಿವೇಣಿ ಮನಃಶಾಸ್ತ್ರ ಓದಿದವರು. ಅವರ ‘ಬೆಕ್ಕಿನ ಕಣ್ಣು’ ಮಲಯಾಳದಲ್ಲಿ ‘ಪೂಚಕ್ಕಣ್ಣಿ’ಯಾಗಿ 1966ರಲ್ಲೇ ಸಿನಿಮಾ ಆಗಿತ್ತು. ಹೆಂಗಸರ ಕಾದಂಬರಿ ಎಂದು ಮೂಗು ಮುರಿದವರು ಇದನ್ನೆಲ್ಲ ಗಮನಿಸಿದಂತಿಲ್ಲ.

ಶಿವಮೊಗ್ಗಕ್ಕೆ ಈ ವಿಷಯದಲ್ಲಿ ತನ್ನದೇ ಒಂದು ಅಧ್ಯಾಯವಿದೆ. ಇಲ್ಲಿ ‘ಮಾನಸ’ ಆಸ್ಪತ್ರೆ ಕಟ್ಟಿದ ಮನೋವೈದ್ಯ ಡಾ. ಅಶೋಕ್ ಪೈ ರೋಗಿಗಳನ್ನು ನೋಡಿದ್ದಷ್ಟೇ ಅಲ್ಲ, ಸಿನಿಮಾ ನಿರ್ಮಾಣಕ್ಕೂ ಇಳಿದರು. ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ (1988) ದಾಂಪತ್ಯದೊಳಗಿನ ಮಾನಸಿಕ ಸಮಸ್ಯೆಯನ್ನೇ ಕಥೆಯಾಗಿಸಿ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ‘ಪ್ರಥಮ ಉಷಾಕಿರಣ’, ‘ಆಘಾತ’ಗಳೂ ಅದೇ ಜಾಡಿನವು. 2016ರಲ್ಲಿ ತೀರಿಕೊಳ್ಳುವವರೆಗೂ ಪೈ ಪತ್ರಿಕೆಗಳಲ್ಲಿ ಬರೆಯುತ್ತ, ಸಭೆಗಳಲ್ಲಿ ಮಾತಾಡುತ್ತ, ಮನಸ್ಸಿನ ಕಾಯಿಲೆಗೆ ಅಂತ್ರ ತಾಯಿತ ಹುಡುಕುತ್ತಿದ್ದ ಮಲೆನಾಡಿನವರನ್ನು ವೈದ್ಯರ ಬಳಿಗೆ ಕರೆತರಲು ಹೆಣಗಿದರು. ಒಬ್ಬ ಮನೋವೈದ್ಯನಿಗೆ ಕಥೆ ಬೇಕಾದದ್ದು ಸುಮ್ಮನೆ ಅಲ್ಲ. ಔಷಧದ ಚೀಟಿ ತಲುಪುವುದು ರೋಗಿಗೆ ಮಾತ್ರ. ಕಥೆ ರೋಗಿಯ ಮನೆಯವರನ್ನೂ ತಲುಪುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ‘ಘಾಚರ್ ಘೋಚರ್’ ಕುರಿತು ಒಂದು ಅಸಮಾಧಾನವನ್ನೂ ಹೇಳಲೇಬೇಕು. ಅನಿತಾಳನ್ನು ನಾವು ಕೊನೆಗೂ ಸರಿಯಾಗಿ ನೋಡುವುದಿಲ್ಲ. ಅವಳ ಸಿಟ್ಟು ಗೊತ್ತು, ಅವಳ ಒಂಟಿತನ ಗೊತ್ತಿಲ್ಲ. ಬೇಳೆ ಸಾರು ಹಿಡಿದು ಬಂದ ಹೆಂಗಸಿಗೆ ಒಂದೇ ದೃಶ್ಯ. ಕಣ್ಣಿಗೆ ಕಾಣುವ ಕ್ರೌರ್ಯವೆಲ್ಲ ಅಮ್ಮ ಮತ್ತು ಮಾಲತಿಯ ನಾಲಿಗೆಗೆ, ಗಂಡಸರ ಕ್ರೌರ್ಯ ತೆರೆಮರೆಗೆ. ನಿರೂಪಕ ಕುರುಡ, ಅವನಿಗೆ ಕಂಡಷ್ಟೇ ನಮಗೂ ಕಾಣುತ್ತದೆ ಎಂದು ಲೇಖಕರ ಪರವಾಗಿ ವಾದಿಸಬಹುದು. ವಾದ ಸರಿಯೇ. ಆದರೂ ‘ಶರಪಂಜರ’ ಓದಿದವರಿಗೆ ಈ ಕಥೆಯನ್ನು ಅನಿತಾಳೇ ಹೇಳಿದ್ದರೆ ಎಂದು ಅನ್ನಿಸದಿರದು. ತ್ರಿವೇಣಿ ಬಲಿಯಾದವಳ ಪಕ್ಕ ಕೂತು ಬರೆದರು, ಶಾನಭಾಗರು ಬಲಿ ಕೊಟ್ಟವರ ಪಕ್ಕ ಕೂತು ಬರೆದರು. ಎರಡನ್ನೂ ಓದದೆ ಆ ಮನೆ ಪೂರ್ತಿ ಕಾಣುವುದಿಲ್ಲ.

2021ರ ‘ಸಕೀನಾಳ ಮುತ್ತು’ವಿನಲ್ಲಿ ಶಾನಭಾಗರು ಅದೇ ಕುರ್ಚಿಗೆ ಮರಳಿದ್ದಾರೆ. ಅಪರಿಚಿತ ಹುಡುಗರಿಬ್ಬರು ಮಗಳನ್ನು ಕೇಳಿಕೊಂಡು ಬಾಗಿಲು ತಟ್ಟುತ್ತಾರೆ. ಊರಿಗೆ ಹೋದ ಮಗಳು ಫೋನಿಗೆ ಸಿಗುವುದಿಲ್ಲ. ವ್ಯಕ್ತಿತ್ವ ವಿಕಸನದ ಪುಸ್ತಕ ಓದಿ ತನ್ನನ್ನು ತಿದ್ದಿಕೊಂಡ, ಉದಾರಿ ಎಂದು ತನ್ನನ್ನೇ ನಂಬಿಸಿಕೊಂಡ ಅಪ್ಪನ ಒಳಗೆ ಏನಿದೆ ಎಂಬುದು ಅವನ ಬಾಯಿಂದಲೇ ಹೊರಬೀಳುತ್ತದೆ. ಹಿಂದಿನದರಷ್ಟು ಬಿಗಿಯಿಲ್ಲ. ಆದರೆ ಮಗಳ ಫೋನು ‘ವ್ಯಾಪ್ತಿ ಪ್ರದೇಶದ ಹೊರಗೆ’ ಇರುವ ಭಯ ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಿಗೆ ಬೆಂಗಳೂರಿನ ಓದುಗರಿಗಿಂತ ಚೆನ್ನಾಗಿ ಗೊತ್ತು.

ಇದೆಲ್ಲ ಬರೀ ಕಥೆಯಲ್ಲವೇ ಎನ್ನುವವರಿಗೆ ಕಾನೂನಿನ ಪುಸ್ತಕ ತೋರಿಸಬಹುದು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ ಹೊಡೆತವನ್ನಷ್ಟೇ ದೌರ್ಜನ್ಯವೆಂದು ಕರೆಯಲಿಲ್ಲ. ಮಾತಿನ, ಭಾವನೆಯ ಹಿಂಸೆಯನ್ನೂ ಹಣ ತಡೆಹಿಡಿದು ಹಿಂಸಿಸುವುದನ್ನೂ ಪಟ್ಟಿಗೆ ಸೇರಿಸಿತು. ಕಾನೂನು 2005ರಲ್ಲಿ ಒಪ್ಪಿಕೊಂಡದ್ದನ್ನು ತ್ರಿವೇಣಿ ನಾಲ್ಕು ದಶಕ ಮೊದಲೇ ಕಂಡಿದ್ದರು. ದೂರು ಕೊಡಲು ಇಂದು ರಕ್ಷಣಾಧಿಕಾರಿ ಇದ್ದಾರೆ, 181 ಸಹಾಯವಾಣಿ ಇದೆ. ಆದರೆ ಅನಿತಾ ದೂರು ಕೊಟ್ಟಳೆಂದೇ ಇಟ್ಟುಕೊಳ್ಳೋಣ, ಸಾಕ್ಷಿ ಹೇಳಲು ಆ ಮನೆಯಿಂದ ಯಾರು ಬರುತ್ತಿದ್ದರು? ತಿಂಗಳ ಹಣ ನಿಂತುಹೋಗುವ ಭಯವಿಲ್ಲದವರು ಅಲ್ಲಿ ಅಪ್ಪ ಒಬ್ಬನೇ. ಅವನ ಮಾತಿಗೆ ಆ ಮನೆಯಲ್ಲಿ ಬೆಲೆ ಹೋಗಿ ಎಷ್ಟೋ ಕಾಲವಾಗಿತ್ತು.

ಕೊನೆಗೆ ಒಂದು ಕೋರಿಕೆ, ಗ್ರಂಥಾಲಯ ನೋಡಿಕೊಳ್ಳುವವರಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ನಡುವೆ ಕಾದಂಬರಿಗೂ ಜಾಗ ಉಳಿದಿದ್ದರೆ, ‘ಘಾಚರ್ ಘೋಚರ್’ ಮತ್ತು ‘ಶರಪಂಜರ’ ಎರಡನ್ನೂ ಒಟ್ಟಿಗೆ ಇಡಿ. ಮೊದಲನೆಯದು ನೂರು ಪುಟದ ಆಸುಪಾಸಿನದು. ‘ಪ್ರಶಸ್ತಿ ವಿಜೇತ ಸಾಹಿತ್ಯ’ ಎಂಬ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವುದು ಮಾತ್ರ ಬೇಡ. ಪತ್ತೇದಾರಿ ಕಾದಂಬರಿಗಳ ಸಾಲಿನಲ್ಲೇ, ಎನ್. ನರಸಿಂಹಯ್ಯನವರ ಪಕ್ಕದಲ್ಲಿ ಇಡಿ. ಕೊಲೆಗಾರನನ್ನು ಹಿಡಿಯುವ ಅಭ್ಯಾಸವಿರುವ ಓದುಗರು ಬರುವುದು ಆ ಸಾಲಿಗೇ.